ಎದುರಿಗೆ ಯಾರೂ ಇಲ್ಲ: ಅನೆಮೀಕ್ ವಾನ್ ವ್ಲೂಟನ್ ಮತ್ತು ಅಭಾವದ ಅರಿವು

ಅನೆಮೀಕ್ ವಾನ್ ವ್ಲೂಟನ್ ನೆದರ್‌ಲ್ಯಾಂಡ್ಸ್ ದೇಶದ ಸೈಕಲ್ ಓಟಗಾರ್ತಿ. ಸುಮಾರು ಹದಿನೈದು ವರ್ಷಗಳ ವೃತ್ತಿಜೀವನದಲ್ಲಿ ಒಂದು ಒಲಿಂಪಿಕ್ ಚಿನ್ನ, ರಸ್ತೆ ಓಟದಲ್ಲಿ ಎರಡು ಮತ್ತು ಟೈಮ್ ಟ್ರಯಲ್‌ನಲ್ಲಿ ಎರಡು ವಿಶ್ವ ಪ್ರಶಸ್ತಿ, ಇಟಲಿಯ ಜಿರೊ ಓಟದಲ್ಲಿ ನಾಲ್ಕು ಗೆಲುವು, ಟೂರ್ ಡಿ ಫ್ರಾನ್ಸ್ ಗೆದ್ದವರ ಹಳದಿ ಅಂಗಿ ಅವರ ಪಾಲಿಗೆ ಬಂದವು. ಆದರೂ ಸೈಕಲ್ ಓಟದ ಗಂಧಗಾಳಿ ಇಲ್ಲದವರೂ ಅವರನ್ನು ನೆನೆಯುವುದು ಒಂದು ಬೆಳ್ಳಿ ಪದಕದ ಕಾರಣಕ್ಕೆ. 2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸ್‌ನ ರಸ್ತೆ ಓಟದಲ್ಲಿ ಅವರು ಕೊನೆಯ ಗೆರೆಯನ್ನು ಎರಡೂ ಕೈ ಮೇಲೆತ್ತಿ ದಾಟಿದರು. ಗೆದ್ದವಳು ತಾನೇ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನಿಜವಾಗಿ ಗೆದ್ದವರು ಅದೇ ಗೆರೆಯನ್ನು 1 ನಿಮಿಷ 15 ಸೆಕೆಂಡ್ ಮೊದಲೇ ದಾಟಿ ಹೋಗಿದ್ದರು.

ಲೆಕ್ಕ ತಪ್ಪಿತು ಎಂದು ಈ ಘಟನೆಯನ್ನು ಬದಿಗಿಡುವುದು ಸುಲಭ. ಆದರೆ ಭಾರತೀಯ ದರ್ಶನಗಳು ಸಾವಿರ ವರ್ಷಕ್ಕೂ ಹೆಚ್ಚು ಕಾಲ ವಾದಿಸಿದ ಎರಡು ಪ್ರಶ್ನೆಗಳು ಇದರೊಳಗೆ ಒಟ್ಟಿಗೇ ಕೂತಿವೆ. ಒಂದು ವಸ್ತು ಇಲ್ಲ ಎಂಬುದು ನಮಗೆ ತಿಳಿಯುವುದು ಯಾವುದರಿಂದ? ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಸಂತೋಷವೂ ತಪ್ಪೇ? ಶಾಸ್ತ್ರಗ್ರಂಥಗಳು ಈ ಪ್ರಶ್ನೆಗಳನ್ನು ಗಡಿಗೆ, ಹಗ್ಗ, ಕಪ್ಪೆಚಿಪ್ಪುಗಳ ಉದಾಹರಣೆಯಿಂದ ಚರ್ಚಿಸುತ್ತವೆ. ವಾನ್ ವ್ಲೂಟನ್ ಅವರ ಜೀವನದಲ್ಲಿ ಅವೇ ಪ್ರಶ್ನೆಗಳು ಮೈಮೂಳೆಯ ನೋವಿನೊಂದಿಗೆ ಎದುರಾದವು.

ಅವರು ಹುಟ್ಟಿದ್ದು 1982ರ ಅಕ್ಟೋಬರ್ 8ರಂದು, ಯೂಟ್ರೆಕ್ಟ್ ನಗರದ ಪಕ್ಕದ ವ್ಲೂಟನ್ ಎಂಬ ಊರಿನಲ್ಲಿ. ಸೈಕಲ್ ಓಟಕ್ಕೆ ಬಂದದ್ದು ತಡವಾಗಿ. ಮೊದಲು ಆಡುತ್ತಿದ್ದುದು ಫುಟ್‌ಬಾಲ್. ಮೊಣಕಾಲಿಗೆ ಪೆಟ್ಟಾಗಿ ಅದು ನಿಂತಾಗ ಕಾಲಿಗೆ ಹಿತವೆಂದು ಸೈಕಲ್ ಹತ್ತಿದರು. ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿವಿಜ್ಞಾನ ಓದಿ, ಸಾಂಕ್ರಾಮಿಕ ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಇಪ್ಪತ್ತರ ನಡುಪ್ರಾಯ ದಾಟಿದ ಮೇಲೆ ವೃತ್ತಿಪರ ತಂಡ ಸೇರಿದರು. ಹೆಚ್ಚಿನ ಓಟಗಾರ್ತಿಯರು ಹದಿಹರೆಯದಲ್ಲೇ ಪಳಗಿರುವ ಕ್ಷೇತ್ರದಲ್ಲಿ ಇದು ಅಪರೂಪ. ಅವರ ಓದಿನ ವಿಷಯವನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದಕ್ಕೆ ಕೆಲಸವಿದೆ.

ಆರಂಭದ ವರ್ಷಗಳಲ್ಲಿ ಅವರು ತಮ್ಮ ದೇಶದವರೇ ಆದ ಮರಿಯಾನ ವೋಸ್ ಅವರ ತಂಡದಲ್ಲಿದ್ದರು. ವೋಸ್ ಆ ಕಾಲದ ಅಪ್ರತಿಮ ಓಟಗಾರ್ತಿ. ರಸ್ತೆ ಓಟ ಹೊರಗಿನಿಂದ ಒಬ್ಬೊಬ್ಬರ ಸ್ಪರ್ಧೆಯಂತೆ ಕಂಡರೂ ಒಳಗೆ ತಂಡದ ಕೆಲಸ. ಮುಂದೆ ಓಡುವವರು ಗಾಳಿಯನ್ನು ಸೀಳುತ್ತಾರೆ, ಹಿಂದೆ ಅಂಟಿಕೊಂಡವರಿಗೆ ಬಹಳಷ್ಟು ಶಕ್ತಿ ಉಳಿಯುತ್ತದೆ. ಹಾಗಾಗಿ ತಂಡದ ಐದಾರು ಜನ ತಮ್ಮ ಬಲವನ್ನೆಲ್ಲ ಸುರಿದು ಒಬ್ಬರನ್ನು ಕೊನೆಯ ಗೆರೆಯವರೆಗೆ ಕಾಪಾಡಿ ತರುತ್ತಾರೆ. ಹೆಸರು ಬರುವುದು ಆ ಒಬ್ಬರಿಗೆ. ವಾನ್ ವ್ಲೂಟನ್ ವರ್ಷಗಟ್ಟಲೆ ಈ ದುಡಿಮೆ ಮಾಡಿದರು. 2011ರಲ್ಲಿ ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್ ಗೆದ್ದಾಗ ಅವರೂ ಗೆಲ್ಲಬಲ್ಲವರೆಂಬುದು ತಿಳಿಯಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮತ್ತೆ ವೋಸ್ ಅವರ ಚಿನ್ನಕ್ಕೆ ಹೆಗಲು ಕೊಟ್ಟ ತಂಡದಲ್ಲಿದ್ದರು.

2016ರ ಆಗಸ್ಟ್ 7ರಂದು ರಿಯೊ ಡಿ ಜನೈರೊದಲ್ಲಿ ಚಿತ್ರ ಬದಲಾಯಿತು. ಓಟದ ಕೊನೆಯ ದೊಡ್ಡ ಏರಿನಲ್ಲಿ ಅವರು ಮತ್ತು ಅಮೆರಿಕದ ಮಾರಾ ಅಬಟ್ ಇಬ್ಬರೇ ಮುಂದೆ ಉಳಿದರು. ಏರು ಮುಗಿದು ವಿಸ್ಟಾ ಚೈನೀಸಾದ ಇಳಿಜಾರು ಶುರುವಾಯಿತು. ಕಾಡಿನ ನಡುವೆ ಸುತ್ತಿಸುತ್ತಿ ಇಳಿಯುವ ಘಾಟಿ ಅದು. ಇಳಿಜಾರಿನಲ್ಲಿ ವಾನ್ ವ್ಲೂಟನ್ ಅಬಟ್ ಅವರನ್ನು ಹಿಂದಿಕ್ಕಿ ಒಬ್ಬರೇ ಮುನ್ನುಗ್ಗಿದರು. ಒಂದು ತಿರುವಿನಲ್ಲಿ ಹಿಡಿತ ತಪ್ಪಿ ರಸ್ತೆಯಂಚಿನ ಕಲ್ಲಿನ ಕಟ್ಟೆಗೆ ಬಡಿದು ಬಿದ್ದರು. ಟಿವಿ ಪರದೆಯಲ್ಲಿ ಅಲುಗಾಡದೆ ಬಿದ್ದಿದ್ದ ದೇಹವನ್ನು ಕಂಡವರು ಜೀವವೇ ಹೋಯಿತೆಂದು ಹೆದರಿದರು. ಬೆನ್ನೆಲುಬಿನ ಕೆಳಭಾಗದಲ್ಲಿ ಮೂರು ಕಡೆ ಬಿರುಕು ಬಿಟ್ಟಿತ್ತು, ತಲೆಗೆ ಬಲವಾದ ಏಟು ಬಿದ್ದಿತ್ತು. ಅಬಟ್ ಅವರನ್ನೂ ಕೊನೆಯ ಕೆಲವು ನೂರು ಮೀಟರಿನಲ್ಲಿ ಹಿಂದಿನ ಮೂವರು ಹಿಡಿದರು. ಆ ಮೂವರಲ್ಲಿ ಮೊದಲಾದವರು ನೆದರ್‌ಲ್ಯಾಂಡ್ಸ್‌ನವರೇ ಆದ ಆನಾ ವಾನ್ ಡರ್ ಬ್ರೆಗನ್. ಸಹ ಓಟಗಾರ್ತಿ ಆಸ್ಪತ್ರೆಗೆ ಹೋಗುತ್ತಿದ್ದ ಹೊತ್ತಿನಲ್ಲಿ ಇವರ ಕೊರಳಿಗೆ ಚಿನ್ನ ಬಿತ್ತು.

ಇಂಥ ಕಡೆ ಗೀತೆಯ ಕರ್ಮಫಲದ ಮಾತು ಬಾಯಿಗೆ ಬರುವುದು ಸಹಜ. ಅದನ್ನು ಇಲ್ಲಿ ತಂದರೆ ಸಲೀಸಾದ ಸಮಾಧಾನ ಸಿಗುತ್ತದೆಯೇ ಹೊರತು ವಿಚಾರ ಮುಂದೆ ಸಾಗುವುದಿಲ್ಲ. ಓಟಗಾರ್ತಿ ಫಲವನ್ನು ಬಯಸಿಯೇ ಓಡುತ್ತಾಳೆ. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಅದು ಕಾಮ್ಯಕರ್ಮ. ಕಾಮ್ಯಕರ್ಮ ಫಲ ಕೊಡದೆ ಹೋದಾಗ ಕೇಳಬೇಕಾದ ಪ್ರಶ್ನೆಯನ್ನು ಗೌತಮನ ನ್ಯಾಯಸೂತ್ರಗಳ ಎರಡನೆಯ ಅಧ್ಯಾಯ ಎತ್ತುತ್ತದೆ. ಪುತ್ರಕಾಮೇಷ್ಟಿ ಮಾಡಿಯೂ ಮಗ ಹುಟ್ಟದಿದ್ದರೆ ವೇದವಾಕ್ಯ ಸುಳ್ಳಾಯಿತೇ ಎಂದು ಆಕ್ಷೇಪಿಸುವವನು ಕೇಳುತ್ತಾನೆ. ಹಾಗಲ್ಲ, ಮಾಡಿದ ಕ್ರಿಯೆಯಲ್ಲೋ ಮಾಡಿದವನಲ್ಲೋ ಬಳಸಿದ ಸಾಧನದಲ್ಲೋ ಕೊರತೆ ಇದ್ದಿರಬೇಕು ಎಂದು ನ್ಯಾಯ ಉತ್ತರಿಸುತ್ತದೆ. ರಿಯೊದ ಇಳಿಜಾರಿನ ಮುಂದೆ ಈ ಮೂರನ್ನೂ ಇಟ್ಟು ನೋಡಬಹುದು. ಓಡಿದ ಬಗೆ ತಪ್ಪಾಗಿತ್ತೇ? ವೇಗವಾಗಿ ಇಳಿಯದೆ ಅಬಟ್ ಅವರನ್ನು ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಓಡಿದವರಲ್ಲಿ ಕೊರತೆಯಿತ್ತೇ? ಆ ದಿನ ಅಲ್ಲಿದ್ದವರಲ್ಲಿ ಅತ್ಯಂತ ಬಲಶಾಲಿ ಅವರೇ. ರಸ್ತೆಯಲ್ಲಿತ್ತೇ? ಹಿಂದಿನ ದಿನವಷ್ಟೇ ಪುರುಷರ ಓಟದಲ್ಲಿ ಮುಂದಿದ್ದ ಇಟಲಿಯ ವಿಂಚೆಂಜೊ ನಿಬಾಲಿ ಅದೇ ಇಳಿಜಾರಿನಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡಿದ್ದರು. ಕೊರತೆಯನ್ನು ಸಾಧನದ ಮೇಲೆ ಹೊರಿಸಲು ಕಾರಣ ಸಾಕಷ್ಟಿದೆ. ಆದರೂ ಅದೇ ರಸ್ತೆಯಲ್ಲಿ ಇತರರು ಇಳಿದರು, ಪದಕ ಪಡೆದರು. ನ್ಯಾಯದ ಉತ್ತರದ ಬಲವೂ ಮಿತಿಯೂ ಇಲ್ಲೇ ಇದೆ. ಕೊರತೆ ಎಲ್ಲೋ ಇರಲೇಬೇಕು ಎಂದು ಅದು ಹೇಳಬಲ್ಲದು. ಎಲ್ಲಿ ಎಂಬುದನ್ನು ಫಲ ತಪ್ಪಿದ ಮೇಲೆ ಊಹಿಸಬಹುದಷ್ಟೆ.

ವಾನ್ ವ್ಲೂಟನ್ ಸುಮಾರು ಒಂದು ತಿಂಗಳಲ್ಲಿ ಮತ್ತೆ ಓಟಕ್ಕಿಳಿದರು. ಮುಂದಿನ ಮೂರು ವರ್ಷ ಅವರ ಏರುಗಾಲ. 2017ರಲ್ಲಿ ನಾರ್ವೆಯ ಬರ್ಗನ್‌ನಲ್ಲಿ, 2018ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಟೈಮ್ ಟ್ರಯಲ್‌ನ ವಿಶ್ವ ಪ್ರಶಸ್ತಿ ಬಂತು. 2018 ಮತ್ತು 2019ರಲ್ಲಿ ಜಿರೊ ಗೆದ್ದರು. ಇವುಗಳ ನಡುವೆ 2018ರ ಜುಲೈಯಲ್ಲಿ ಫ್ರಾನ್ಸ್‌ನ ಲೆ ಗ್ರಾಂ ಬೊರ್ನಾಂನಲ್ಲಿ ಮುಗಿದ ಒಂದು ದಿನದ ಓಟವೊಂದಿದೆ. ವಾನ್ ಡರ್ ಬ್ರೆಗನ್ ಒಬ್ಬರೇ ಮುಂದಿದ್ದರು, ಗೆಲುವು ಅವರದೇ ಎಂದು ನೋಡುವವರೆಲ್ಲ ತೀರ್ಮಾನಿಸಿದ್ದರು. ಹಿಂದಿನಿಂದ ಬಂದ ವಾನ್ ವ್ಲೂಟನ್ ಗೆರೆಗೆ ಕೆಲವೇ ಮೀಟರ್ ಇರುವಾಗ ಅವರನ್ನು ದಾಟಿದರು. ಮುಂದೆ ಇರುವವರಿಗೆ ಹಿಂದಿನದು ಕಾಣುವುದಿಲ್ಲ ಎಂಬುದರ ಲಾಭ ಆ ದಿನ ಅವರಿಗೆ ಸಿಕ್ಕಿತು. 2019ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ನಡೆದ ವಿಶ್ವ ರಸ್ತೆ ಓಟದಲ್ಲಿ ಗುರಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಇರುವಾಗಲೇ ಎಲ್ಲರನ್ನೂ ಬಿಟ್ಟು ಒಬ್ಬರೇ ಹೊರಟರು. ಎರಡು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಅಷ್ಟು ದೂರದಿಂದ ಒಂಟಿಯಾಗಿ ಹೊರಡಲು ಯಾವ ತರಬೇತುದಾರರೂ ಸಲಹೆ ಕೊಡುವುದಿಲ್ಲ. ಎರಡು ವರ್ಷದ ಬಳಿಕ ಅದೇ ಬಗೆಯ ಓಟ, ಇನ್ನೊಬ್ಬರ ಕಾಲುಗಳಲ್ಲಿ, ಅವರಿಂದ ಚಿನ್ನವನ್ನು ಕಸಿದುಕೊಂಡಿತು.

ಟೋಕಿಯೊದ ಮಹಿಳೆಯರ ರಸ್ತೆ ಓಟ 137 ಕಿಲೋಮೀಟರ್ ದೂರದ್ದು. ಮುಗಿದದ್ದು ಫೂಜಿ ಪರ್ವತದ ಬಳಿಯ ಕಾರ್ ರೇಸಿನ ಟ್ರ್ಯಾಕ್‌ನಲ್ಲಿ. ಬಾವುಟ ಬೀಸಿದ ಕೂಡಲೇ ಐವರು ಗುಂಪಿನಿಂದ ಸಿಡಿದು ಮುಂದೆ ಹೋದರು: ಆಸ್ಟ್ರಿಯಾದ ಆನಾ ಕೀಸನ್‌ಹೋಫರ್, ಪೋಲೆಂಡಿನ ಆನಾ ಪ್ಲಿಖ್ತಾ, ಇಸ್ರೇಲಿನ ಓಮರ್ ಶಪಿರಾ, ನಮೀಬಿಯಾದ ವೇರಾ ಲೂಸರ್, ದಕ್ಷಿಣ ಆಫ್ರಿಕಾದ ಕಾರ್ಲಾ ಓಬರ್‌ಹೋಲ್ಜರ್. ದೊಡ್ಡ ಹೆಸರಿನವರು ಯಾರೂ ಇಲ್ಲವಾದ್ದರಿಂದ ಹಿಂದಿನ ಗುಂಪು ಅವರನ್ನು ಹೋಗಲು ಬಿಟ್ಟಿತು. ಅಂತರ ಹತ್ತು ನಿಮಿಷ ಮೀರಿತು. ಲೂಸರ್ ಮತ್ತು ಓಬರ್‌ಹೋಲ್ಜರ್ ದಾರಿಯಲ್ಲಿ ಹಿಂದೆ ಬಿದ್ದರು. ಗುರಿಗೆ ಸುಮಾರು 40 ಕಿಲೋಮೀಟರ್ ಇರುವಾಗ ಕೀಸನ್‌ಹೋಫರ್ ಉಳಿದ ಇಬ್ಬರನ್ನೂ ಬಿಟ್ಟು ಒಬ್ಬರೇ ಸಾಗಿದರು. ವಾನ್ ವ್ಲೂಟನ್ ನಡುವೆ ಒಮ್ಮೆ ಬಿದ್ದು, ಎದ್ದು, ಗುಂಪನ್ನು ಸೇರಿಕೊಂಡಿದ್ದರು. ಗುರಿ ಐದಾರು ಕಿಲೋಮೀಟರ್ ದೂರವಿರುವಾಗ ಗುಂಪು ಪ್ಲಿಖ್ತಾ ಮತ್ತು ಶಪಿರಾರನ್ನು ಹಿಡಿಯಿತು. ಮುಂದಿನ ರಸ್ತೆ ಖಾಲಿ. ಎಲ್ಲರನ್ನೂ ಹಿಡಿದಾಯಿತು ಎಂದು ನೆದರ್‌ಲ್ಯಾಂಡ್ಸ್‌ನವರು ಅಂದುಕೊಂಡರು. ಕೊನೆಯ ಎರಡು ಕಿಲೋಮೀಟರಿನಲ್ಲಿ ವಾನ್ ವ್ಲೂಟನ್ ಗುಂಪನ್ನು ಬಿಟ್ಟು ಹಾರಿದರು.

ಇನ್ನೊಂದು ಸಂಗತಿ ಗೊತ್ತಿಲ್ಲದಿದ್ದರೆ ಈ ತಪ್ಪು ಅರ್ಥವಾಗುವುದಿಲ್ಲ. ವೃತ್ತಿಪರ ಓಟಗಳಲ್ಲಿ ಓಟಗಾರ್ತಿಯ ಕಿವಿಯಲ್ಲಿ ರೇಡಿಯೊ ಇರುತ್ತದೆ. ಹಿಂದಿನ ಕಾರಿನಲ್ಲಿ ಕೂತ ನಿರ್ದೇಶಕರು ಟಿವಿ ನೋಡುತ್ತ ಯಾರು ಎಲ್ಲಿದ್ದಾರೆಂದು ಹೇಳುತ್ತಿರುತ್ತಾರೆ. ಒಲಿಂಪಿಕ್ಸ್‌ನಲ್ಲಿ ಆ ರೇಡಿಯೊಗೆ ಅವಕಾಶವಿಲ್ಲ. ಅಂತರದ ಸುದ್ದಿ ಮೋಟಾರ್‌ಸೈಕಲ್ ಮೇಲೆ ಹಿಡಿದ ಫಲಕದಿಂದಲೋ ಹಿಂದೆ ಬರುವ ಕಾರಿನ ಕೂಗಿನಿಂದಲೋ ಬಿಡಿಬಿಡಿಯಾಗಿ ಸಿಗಬೇಕು. ಪ್ರಮಾಣ ಎಂದರೆ ತಿಳಿವಳಿಕೆಯ ಸಾಧನ. ಪ್ರಮಾಣಶಾಸ್ತ್ರದ ಮಾತಿನಲ್ಲಿ, ಶಬ್ದಪ್ರಮಾಣ, ಅಂದರೆ ನಂಬತಕ್ಕ ಆಪ್ತರ ಮಾತು, ಆ ದಿನ ಅವರಿಗೆ ಬಹುಮಟ್ಟಿಗೆ ಮುಚ್ಚಿಹೋಗಿತ್ತು. ಉಳಿದದ್ದು ಕಣ್ಣು ಮತ್ತು ಎಣಿಕೆ.

ಕಣ್ಣಿಗೆ ಕಂಡದ್ದು ಖಾಲಿ ರಸ್ತೆ. ಖಾಲಿ ರಸ್ತೆಯಿಂದ ಎದುರಿಗೆ ಯಾರೂ ಇಲ್ಲ ಎಂಬ ಅರಿವಿಗೆ ಮನಸ್ಸು ಹೇಗೆ ಹೋಯಿತು ಎಂಬುದೇ ಅನುಪಲಬ್ಧಿಯ, ಅಂದರೆ ಕಾಣದಿರುವಿಕೆಯ, ಪ್ರಶ್ನೆ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ಯಾವ ಪ್ರಮಾಣದಿಂದ ತಿಳಿಯುತ್ತದೆ? ಕಣ್ಣು ಇರುವುದನ್ನು ಕಾಣುತ್ತದೆ, ಇಲ್ಲದ್ದನ್ನು ಹೇಗೆ ಕಂಡೀತು? ಆದ್ದರಿಂದ ಕಾಣದಿರುವುದೇ ಪ್ರತ್ಯೇಕವಾದ ಒಂದು ಪ್ರಮಾಣ ಎಂದರು ಕುಮಾರಿಲ ಭಟ್ಟರ ಮೀಮಾಂಸಕರು. ಅದ್ವೈತಿಗಳೂ ಅದನ್ನು ಒಪ್ಪಿ ತಮ್ಮ ಆರು ಪ್ರಮಾಣಗಳಲ್ಲಿ ಸೇರಿಸಿಕೊಂಡರು. ಅಭಾವವೂ ಕಣ್ಣಿಗೇ ಕಾಣುತ್ತದೆ, ಗಡಿಗೆಯಿಲ್ಲದ ನೆಲವನ್ನೇ ಕಣ್ಣು ನೋಡುತ್ತದೆ ಎಂದರು ನ್ಯಾಯದರ್ಶನದವರಾದ ನೈಯಾಯಿಕರು. ಪ್ರಾಭಾಕರ ಮೀಮಾಂಸಕರು ಇನ್ನೂ ಜಿಪುಣರು. ಕಾಣುವುದು ಬರಿಯ ನೆಲ, ಅದನ್ನು ಬಿಟ್ಟು ಅಭಾವವೆಂಬ ಬೇರೊಂದು ಪದಾರ್ಥವೇ ಇಲ್ಲ ಎಂಬುದು ಅವರ ನಿಲುವು.

ಮೂಲದಲ್ಲಿ ಇಷ್ಟು ಭೇದವಿದ್ದರೂ ಒಂದು ಷರತ್ತನ್ನು ಭಾಟ್ಟರೂ ಅದ್ವೈತಿಗಳೂ ನೈಯಾಯಿಕರೂ ಹಿಡಿದುಕೊಂಡಿದ್ದಾರೆ. ಕಾಣದಿರುವುದೆಲ್ಲ ಇಲ್ಲವೆಂದಲ್ಲ. ಇದ್ದಿದ್ದರೆ ಕಾಣಲೇಬೇಕಿತ್ತು ಎಂಬ ಸನ್ನಿವೇಶದಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಹದಿನೇಳನೆಯ ಶತಮಾನದ ಧರ್ಮರಾಜಾಧ್ವರೀಂದ್ರರ ವೇದಾಂತ ಪರಿಭಾಷೆ ಈ ಷರತ್ತನ್ನು ಬಿಡಿಸಿ ವಿವರಿಸುತ್ತದೆ. ಬೆಳಕಿದ್ದ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು. ಅದಕ್ಕೂ ಸುಮಾರು ಸಾವಿರ ವರ್ಷ ಹಿಂದೆ ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದೇ ಎಚ್ಚರಿಕೆಯನ್ನು ಕೊಟ್ಟಿದ್ದ. ಸ್ವಭಾವದಿಂದಲೇ ಕಾಣಿಸದ ಪಿಶಾಚಿ ಕಾಣಲಿಲ್ಲವೆಂದು ಅದು ಇಲ್ಲವೆಂದು ಸಾಧಿಸಲಾಗದು ಎಂಬ ಉದಾಹರಣೆ ಆ ಪರಂಪರೆಯದು.

ಟೋಕಿಯೊದಲ್ಲಿ ತಪ್ಪಿದ್ದು ಈ ಷರತ್ತು. ಕೀಸನ್‌ಹೋಫರ್ ಗುಂಪಿಗಿಂತ ನಿಮಿಷಗಳಷ್ಟು ಮುಂದಿದ್ದರು. ಏರು, ಇಳಿಜಾರು, ತಿರುವುಗಳ ರಸ್ತೆಯಲ್ಲಿ ಅಷ್ಟು ಮುಂದಿರುವವರು ಇದ್ದರೂ ಕಾಣುವುದಿಲ್ಲ. ಕತ್ತಲ ಕೋಣೆಯ ಗಡಿಗೆಯ ಹಾಗೆ ಅಲ್ಲಿ ಕಾಣದಿರುವುದಕ್ಕೆ ಯಾವ ಸಾಕ್ಷ್ಯಬಲವೂ ಇರಲಿಲ್ಲ. ವಾನ್ ವ್ಲೂಟನ್ ಓದಿದ ವಿಷಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಾಂಕ್ರಾಮಿಕ ರೋಗಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು ಇದೇ: ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ ಎಂದ ಮಾತ್ರಕ್ಕೆ ರೋಗ ಇಲ್ಲವೆನ್ನಬಾರದು, ಇದ್ದರೆ ಹಿಡಿಯುವಷ್ಟು ಆ ಪರೀಕ್ಷೆ ಸೂಕ್ಷ್ಮವಾಗಿದೆಯೇ ಎಂದು ಮೊದಲು ಕೇಳಬೇಕು. ಯೋಗ್ಯಾನುಪಲಬ್ಧಿಯನ್ನು ಆ ಶಾಸ್ತ್ರ ಅಂಕಿಗಳಲ್ಲಿ ಅಳೆಯುತ್ತದೆ, ಅಷ್ಟೇ ವ್ಯತ್ಯಾಸ. ಅದನ್ನು ಬಲ್ಲವರೂ ಬಿಸಿಲಿನಲ್ಲಿ, ನಾಲ್ಕು ಗಂಟೆಯ ದಣಿವಿನ ಕೊನೆಯಲ್ಲಿ, ಖಾಲಿ ರಸ್ತೆಯನ್ನು ನೋಡಿದಾಗ ಕಣ್ಣನ್ನೇ ನಂಬಿದರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಕಾಣದ್ದನ್ನು ಇಲ್ಲವೆಂದುಕೊಳ್ಳುವುದು ಮನಸ್ಸಿನ ಸಹಜ ಓಟ. ಅದಕ್ಕೆ ಷರತ್ತು ಹಾಕಲೆಂದೇ ಇಷ್ಟೊಂದು ಗ್ರಂಥಗಳು ಬೇಕಾದವು.

ಕಣ್ಣಿನ ಜೊತೆಗೆ ಎಣಿಕೆಯೂ ತಪ್ಪಿತ್ತು. ಹೊರಟವರು ಐವರು, ಹಿಡಿದದ್ದು ನಾಲ್ವರನ್ನು. ಐದನೆಯವರು ಹೇಗೆ ಕಳೆದುಹೋದರು ಎಂಬುದಕ್ಕೆ ಭ್ರಮೆಯ ಕುರಿತಾದ ಖ್ಯಾತಿವಾದಗಳು ಉತ್ತರ ಕೊಡುತ್ತವೆ. ಮೈಸೂರಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣ ಅವರು 1932ರಲ್ಲಿ ಪ್ರಕಟವಾದ ತಮ್ಮ ಭಾರತೀಯ ತತ್ತ್ವಶಾಸ್ತ್ರದ ಇಂಗ್ಲಿಷ್ ಗ್ರಂಥದಲ್ಲಿ ಹಲವು ದರ್ಶನಗಳನ್ನು ಪರಿಚಯಿಸುವಾಗ ಅವುಗಳ ಭ್ರಮೆಯ ವಿವರಣೆಗೂ ಜಾಗ ಕೊಟ್ಟಿದ್ದಾರೆ. ಒಂದು ದರ್ಶನ ತಪ್ಪನ್ನು ಹೇಗೆ ವಿವರಿಸುತ್ತದೆ ಎಂಬುದರಿಂದ ಅದು ಸತ್ಯವನ್ನು ಏನೆಂದು ತಿಳಿದಿದೆ ಎಂಬುದೂ ಗೊತ್ತಾಗುತ್ತದೆ.

ಕಪ್ಪೆಚಿಪ್ಪನ್ನು ನೋಡಿ ಇದು ಬೆಳ್ಳಿ ಎನ್ನುವವನಲ್ಲಿ ಇರುವುದು ಒಂದು ತಪ್ಪು ಜ್ಞಾನವಲ್ಲ, ಎರಡು ಸರಿಯಾದ ಜ್ಞಾನಗಳು ಎನ್ನುತ್ತಾರೆ ಪ್ರಾಭಾಕರರು. ‘ಇದು’ ಎಂಬುದು ಕಣ್ಣೆದುರಿನ ಕಾಣ್ಕೆ. ‘ಬೆಳ್ಳಿ’ ಎಂಬುದು ನೆನಪು. ಎರಡರ ನಡುವಿನ ಭೇದವನ್ನು ಗಮನಿಸದೆ ಹೋದದ್ದೇ ಭ್ರಮೆ. ಇದು ಅಖ್ಯಾತಿವಾದ. ‘ಇವರೇ ಮುಂದಿದ್ದವರು’ ಎಂಬ ಆ ದಿನದ ತೀರ್ಮಾನಕ್ಕೆ ಇದನ್ನು ಹಚ್ಚಿ ನೋಡಿದರೆ ಅಳತೆ ತೆಗೆದು ಹೊಲಿದಂತೆ ಕೂರುತ್ತದೆ. ‘ಇವರು’ ಕಣ್ಣೆದುರಿಗೆ ಸಿಕ್ಕಿಬಿದ್ದ ಪ್ಲಿಖ್ತಾ ಮತ್ತು ಶಪಿರಾ. ‘ಮುಂದಿದ್ದವರು’ ಸುಮಾರು ನಾಲ್ಕು ಗಂಟೆಯ ಹಿಂದೆ ಹೊರಟ ಐವರ ನೆನಪು. ಎರಡೂ ಸುಳ್ಳಲ್ಲ. ನಡುವೆ ಒಬ್ಬರು ಕಡಿಮೆ ಎಂಬ ಭೇದ ಗಮನಕ್ಕೆ ಬರಲಿಲ್ಲ, ಅಷ್ಟೆ.

ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಬರಿಯ ಗಮನಿಸದಿರುವಿಕೆಯಿಂದ ಮನುಷ್ಯ ಬಾಗಿ ಕಪ್ಪೆಚಿಪ್ಪನ್ನು ಎತ್ತಿಕೊಳ್ಳುವುದಿಲ್ಲ; ಇದು ಬೆಳ್ಳಿಯೇ ಎಂಬ ಒಂದು ಗಟ್ಟಿಯಾದ, ತಪ್ಪಾದ ಜ್ಞಾನ ಅವನನ್ನು ನಡೆಸುತ್ತದೆ, ಒಂದನ್ನು ಇನ್ನೊಂದಾಗಿ ತಿಳಿಯುವುದೇ ಭ್ರಮೆ ಎಂಬುದು ಅವರ ಅನ್ಯಥಾಖ್ಯಾತಿ. ಈ ಆಕ್ಷೇಪಕ್ಕೆ ತೂಕವಿದೆ. ಕೊನೆಯ ಎರಡು ಕಿಲೋಮೀಟರ್ ಉಸಿರು ಕಟ್ಟಿ ಓಡಿಸಿದ್ದು, ಗೆರೆಯ ಮೇಲೆ ಕೈಗಳನ್ನು ಎತ್ತಿಸಿದ್ದು ಗಮನದ ಕೊರತೆಯಲ್ಲ, ಗೆದ್ದೆನೆಂಬ ತುಂಬು ನಂಬಿಕೆ. ತಪ್ಪು ಒಳಗೆ ನುಸುಳಿದ ಬಗೆಯನ್ನು ಪ್ರಾಭಾಕರರು ಚೆನ್ನಾಗಿ ವಿವರಿಸುತ್ತಾರೆ. ನುಸುಳಿದ ಮೇಲೆ ಅದು ಮಾಡಿದ ಕೆಲಸವನ್ನು ವಿವರಿಸಲು ನೈಯಾಯಿಕರೇ ಬೇಕು. ರಾಮಾನುಜರ ಪಂಥ ಭ್ರಮೆಯಲ್ಲೂ ಸತ್ಯದ ಒಂದು ಅಂಶ ಇದ್ದೇ ಇರುತ್ತದೆ ಎನ್ನುತ್ತದೆ. ಹಿಂಬಾಲಿಸಿದ ಗುಂಪಿನಲ್ಲಿ ವಾನ್ ವ್ಲೂಟನ್ ಮೊದಲಿಗರಾದದ್ದಂತೂ ಸತ್ಯವೇ.

ಗೆರೆ ದಾಟಿದ ಕೆಲ ಹೊತ್ತಿನಲ್ಲೇ ತಂಡದವರಿಂದ ಅವರಿಗೆ ನಿಜ ತಿಳಿಯಿತು. ಶಾಸ್ತ್ರ ಇದನ್ನು ಬಾಧಕಜ್ಞಾನ ಎನ್ನುತ್ತದೆ: ಹಿಂದಿನ ಜ್ಞಾನವನ್ನು ಅಳಿಸಿಹಾಕುವ ಹೊಸ ಜ್ಞಾನ. ಹಾವೆಂದುಕೊಂಡದ್ದು ಹಗ್ಗವೆಂದು ತಿಳಿದೊಡನೆ ಹಾವು ಹೋಯಿತು. ಗೆಲುವೂ ಹಾಗೆಯೇ ಹೋಯಿತು. ಕೈ ಎತ್ತಿದ ಆ ಕೆಲವು ಸೆಕೆಂಡುಗಳ ಸಂತೋಷವೂ ಅದರೊಂದಿಗೆ ಅಳಿಯಿತೇ?

ಈ ಪ್ರಶ್ನೆಗೆ ಒಬ್ಬರನ್ನೊಬ್ಬರು ಒಪ್ಪದ ಇಬ್ಬರು ಆಚಾರ್ಯರು ಹತ್ತಿರಹತ್ತಿರದ ಉತ್ತರ ಕೊಡುತ್ತಾರೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು ಕನಸನ್ನು ತೆಗೆದುಕೊಳ್ಳುತ್ತಾರೆ. ಕನಸಿನಲ್ಲಿ ಹಾವು ಕಚ್ಚಿದ್ದು ಸುಳ್ಳು, ನೀರಿನಲ್ಲಿ ಮಿಂದದ್ದು ಸುಳ್ಳು. ಆದರೆ ಹಾಗೆ ಕಂಡೆ ಎಂಬ ಅರಿವು ಎಚ್ಚರವಾದ ಮೇಲೂ ಸುಳ್ಳಾಗುವುದಿಲ್ಲ. ವಿಷ ಏರಿತೆಂಬ ಬರಿಯ ಶಂಕೆಯಿಂದ ಪ್ರಾಣ ಹೋದದ್ದುಂಟು ಎಂದೂ ಅವರು ಹೇಳುತ್ತಾರೆ. ಸುಳ್ಳು ಕಾರಣದಿಂದ ನಿಜವಾದ ಪರಿಣಾಮ ಹುಟ್ಟಬಲ್ಲದು. ಉಡುಪಿಯ ಮಧ್ವರು ಇನ್ನೊಂದು ದಾರಿಯಿಂದ ಬರುತ್ತಾರೆ. ಹೊರಗಿನ ವಸ್ತುಗಳನ್ನು ತಿಳಿಯುವಾಗ ಇಂದ್ರಿಯಗಳೂ ಮನಸ್ಸೂ ತಪ್ಪಬಹುದು. ಸುಖದುಃಖಗಳನ್ನು ತಿಳಿಯುವುದು ಜೀವಾತ್ಮನ ಒಳಗಿನ ಸಾಕ್ಷಿ, ಆ ಸಾಕ್ಷಿ ತಪ್ಪುವುದಿಲ್ಲ. ತನಗೆ ಸುಖವಾಯಿತೋ ಇಲ್ಲವೋ ಎಂಬ ಸಂಶಯ ಯಾರಿಗೂ ಬರದಿರುವುದೇ ಇದಕ್ಕೆ ಆಧಾರ. ಚಿನ್ನ ಸಿಕ್ಕಿತೇ ಎಂದು ಇನ್ನೊಬ್ಬರನ್ನು ಕೇಳಬೇಕಾಗಬಹುದು, ಸಂತೋಷವಾಗಿದೆಯೇ ಎಂದು ಕೇಳಬೇಕಾಗಿಲ್ಲ.

ಈ ಎರಡನ್ನೂ ಒಪ್ಪಿದರೆ ಟೋಕಿಯೊದ ಗೆರೆಯ ಮೇಲಿನ ಸಂತೋಷ ಪೂರ್ಣವಾಗಿ ನಿಜ. ಸುಳ್ಳಾದದ್ದು ಅದರ ವಿಷಯ. ಐದು ವರ್ಷದ ಹಿಂದೆ ಬೆನ್ನು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದವರು, 38ನೆಯ ವಯಸ್ಸಿನಲ್ಲಿ, ಆ ಕಳೆದ ಚಿನ್ನವನ್ನು ಮರಳಿ ಪಡೆದೆನೆಂದುಕೊಂಡ ಕ್ಷಣ ಅದು. ಆ ದೃಶ್ಯ ಜಗತ್ತಿನಾದ್ಯಂತ ತಮಾಷೆಯ ತುಣುಕಾಗಿ ಹರಿದಾಡಿತು. ಅದನ್ನು ತಮಾಷೆಯಾಗಿ ನೋಡಿದವರು ಸುಖ ಮತ್ತು ಅದರ ವಿಷಯ ಎಂಬ ಎರಡನ್ನು ಒಂದೆಂದು ತಿಳಿದರು. ಅದೂ ಒಂದು ಅಖ್ಯಾತಿಯೇ.

ಆ ತುಣುಕಿನಿಂದ ಅನ್ಯಾಯವಾದದ್ದು ಗೆದ್ದವರಿಗೂ ಹೌದು. ಕೀಸನ್‌ಹೋಫರ್ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ವಿಯೆನ್ನಾ, ಕೇಂಬ್ರಿಜ್, ಬಾರ್ಸಿಲೋನಾಗಳಲ್ಲಿ ಓದಿ ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದರು. ಆ ವರ್ಷ ಯಾವ ವೃತ್ತಿಪರ ತಂಡದಲ್ಲೂ ಇರಲಿಲ್ಲ. ತರಬೇತಿ, ಆಹಾರ, ಓಟದ ಲೆಕ್ಕ ಎಲ್ಲವನ್ನೂ ತಾವೇ ಹಾಕಿಕೊಂಡಿದ್ದರು. ಸೈಕಲ್ ಓಟದಲ್ಲಿ ಆಸ್ಟ್ರಿಯಾಕ್ಕೆ 1896ರ ನಂತರ ಬಂದ ಮೊದಲ ಒಲಿಂಪಿಕ್ ಚಿನ್ನ ಅವರದು. ಎಲ್ಲ ತಿಳಿದವರಂತೆ ಮಾತಾಡುವವರನ್ನು ಹೆಚ್ಚು ನಂಬಬಾರದೆಂದು ತಾವು ಕಲಿತುದಾಗಿ ಅವರು ಓಟದ ನಂತರ ಪತ್ರಕರ್ತರಿಗೆ ಹೇಳಿದರು. ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪುವ ದರ್ಶನಗಳೂ ಆಪ್ತನಾರು ಎಂಬುದನ್ನು ಮೊದಲು ಪರೀಕ್ಷಿಸುತ್ತವೆ. ಅವರ ಗೆಲುವನ್ನು ಇತರರ ಮರೆವಿನ ಕತೆಯಾಗಿ ಹೇಳುವುದು ಸಲ್ಲದು. ಸುಮಾರು 40 ಕಿಲೋಮೀಟರ್ ಒಂಟಿಯಾಗಿ ಗಾಳಿ ಸೀಳಿದ ಕಾಲುಗಳು ಅವರವೇ.

ಮೂರು ದಿನದ ಬಳಿಕ, ಜುಲೈ 28ರಂದು, ಅದೇ ಫೂಜಿ ಟ್ರ್ಯಾಕ್‌ನಲ್ಲಿ ಟೈಮ್ ಟ್ರಯಲ್ ನಡೆಯಿತು. ಇದರಲ್ಲಿ ಒಬ್ಬೊಬ್ಬರೇ ಹೊರಟು ಗಡಿಯಾರದ ವಿರುದ್ಧ ಓಡುತ್ತಾರೆ. ಎದುರಿಗೆ ಯಾರಿದ್ದಾರೆ ಎಂದು ನೋಡುವ ಅಗತ್ಯವೇ ಇಲ್ಲ, ನೋಡಿ ತಿಳಿಯುವುದೂ ಏನೂ ಇಲ್ಲ. ವಾನ್ ವ್ಲೂಟನ್ 22.1 ಕಿಲೋಮೀಟರನ್ನು 30 ನಿಮಿಷ 13 ಸೆಕೆಂಡಿನಲ್ಲಿ ಮುಗಿಸಿ, ಎರಡನೆಯವರಿಗಿಂತ 56 ಸೆಕೆಂಡ್ ಮೊದಲಾಗಿ ಚಿನ್ನ ಗೆದ್ದರು. ಜ್ಞಾನ ಸರಿಯೆಂಬುದು ಅದರಿಂದ ಹೊರಟ ಪ್ರವೃತ್ತಿ ಫಲಿಸುವುದರಿಂದ ತಿಳಿಯುತ್ತದೆ ಎನ್ನುವ ನೈಯಾಯಿಕರಿಗೆ ಇದಕ್ಕಿಂತ ಸ್ವಚ್ಛವಾದ ಉದಾಹರಣೆ ಸಿಗುವುದು ಕಷ್ಟ.

2022ರಲ್ಲಿ ಅವರು ಜಿರೊ ಗೆದ್ದರು. ಮಹಿಳೆಯರಿಗಾಗಿ ಹೊಸದಾಗಿ ಶುರುವಾದ ಟೂರ್ ಡಿ ಫ್ರಾನ್ಸ್‌ನ ಮೊದಲ ದಿನಗಳಲ್ಲಿ ಹೊಟ್ಟೆ ಕೆಟ್ಟು ನರಳಿದರೂ ಕೊನೆಯ ಎರಡು ಪರ್ವತದ ದಿನಗಳನ್ನು ಗೆದ್ದು ಹಳದಿ ಅಂಗಿ ತೊಟ್ಟರು. ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ವುಲಂಗಾಂಗ್‌ನಲ್ಲಿ ವಿಶ್ವ ಸ್ಪರ್ಧೆ. ಮುಖ್ಯ ಓಟಕ್ಕೆ ಮೂರು ದಿನ ಮೊದಲು ಮಿಶ್ರ ತಂಡದ ಓಟದಲ್ಲಿ ಬಿದ್ದು ಮೊಣಕೈ ಮೂಳೆ ಬಿರುಕುಬಿಟ್ಟಿತು. ಆಸನದಿಂದ ಎದ್ದು ತುಳಿಯಲು ಆ ಕೈ ಬಿಡುತ್ತಿರಲಿಲ್ಲ. ಆದ್ದರಿಂದ 24ರ ಓಟಕ್ಕೆ ಇಳಿದದ್ದು ತಂಡದ ಸೇವೆಗೆ, ವೋಸ್ ಅವರಿಗೆ ನೆರವಾಗಲು. ವೃತ್ತಿಯ ಆರಂಭದಲ್ಲಿ ಮಾಡಿದ್ದ ಅದೇ ಕೆಲಸಕ್ಕೆ. ಕೊನೆಯ ಏರಿನಲ್ಲಿ ಮುಂದಿನವರಿಂದ ಹಿಂದೆ ಬಿದ್ದರು, ಮತ್ತೆ ಬಂದು ಸೇರಿಕೊಂಡರು. ಮುಂದಿದ್ದವರು ಒಬ್ಬರನ್ನೊಬ್ಬರು ನೋಡುತ್ತ ನಿಧಾನಿಸಿದ ಗಳಿಗೆಯಲ್ಲಿ, ಕೊನೆಯ ಕಿಲೋಮೀಟರಿನಲ್ಲಿ, ಗುಂಪಿನ ಹಿಂದಿನಿಂದ ಚಿಮ್ಮಿ ಎಲ್ಲರನ್ನೂ ದಾಟಿದರು. ಬೆಲ್ಜಿಯಂನ ಲೊಟ್ಟೆ ಕೊಪೆಕಿ ಎರಡನೆಯವರಾದರು. ವಿಶ್ವ ಸ್ಪರ್ಧೆಯಲ್ಲೂ ಕಿವಿಯ ರೇಡಿಯೊಗೆ ಅವಕಾಶವಿರಲಿಲ್ಲ. ಟೋಕಿಯೊದಲ್ಲಿ ಅವರ ಕಣ್ಣಿಗೆ ಬೀಳದ ಒಬ್ಬರು ಮುಂದಿದ್ದರು. ಇಲ್ಲಿ ಇತರರ ಲೆಕ್ಕದಲ್ಲೇ ಇಲ್ಲದ ಅವರು ಹಿಂದಿದ್ದರು.

2023ರ ಮೇ ತಿಂಗಳಲ್ಲಿ ಸ್ಪೇನಿನ ವುಯೆಲ್ಟಾವನ್ನು ಡೆಮಿ ವೋಲರಿಂಗ್ ಅವರಿಗಿಂತ 9 ಸೆಕೆಂಡ್ ಅಂತರದಲ್ಲಿ ಗೆದ್ದರು. ಜುಲೈಯಲ್ಲಿ ನಾಲ್ಕನೆಯ ಜಿರೊ ಬಂತು. ಟೂರ್ ಡಿ ಫ್ರಾನ್ಸ್‌ನಲ್ಲಿ ನಾಲ್ಕನೆಯವರಾದರು, ಗೆದ್ದದ್ದು ವೋಲರಿಂಗ್. ಸೆಪ್ಟೆಂಬರ್‌ನಲ್ಲಿ ತಮ್ಮ ದೇಶದ ರಸ್ತೆಗಳಲ್ಲೇ ನಡೆದ ಸಿಮ್ಯಾಕ್ ಲೇಡೀಸ್ ಟೂರ್ ಅವರ ಕೊನೆಯ ಸ್ಪರ್ಧೆಯಾಯಿತು.